ಲಕ್ವ ಹೊಡೆದ ಕೈಗೆ ಕರೆಂಟು: ಒಂದು ಹಳೆಯ ಪ್ರಶ್ನೆಯ ಚರಿತ್ರೆ

ನಿಮ್ಮ ಅಜ್ಜಿ ಫೋನಿನಲ್ಲಿ "ಪಕ್ಕದ ಮನೆ ರಾಯರಿಗೆ ಲಕ್ವ ಹೊಡೀತಂತೆ" ಅಂದರೆ ನಿಮಗೆ ಏನು ಅರ್ಥವಾಗುತ್ತದೆ? ದುಬೈಯಲ್ಲೋ ಅಬುಧಾಬಿಯಲ್ಲೋ ಹುಟ್ಟಿ ಬೆಳೆದವರಿಗೆ ಈ ಪದ ಯಾವ ಪಾಠದಲ್ಲೂ ಸಿಕ್ಕಿರಲಿಕ್ಕಿಲ್ಲ. ಪುಸ್ತಕದ ಕನ್ನಡದಲ್ಲಿ ಅದು ಪಾರ್ಶ್ವವಾಯು. ಪಾರ್ಶ್ವ ಅಂದರೆ ಪಕ್ಕ. ದೇಹದ ಒಂದು ಪಕ್ಕವನ್ನು ಹಿಡಿಯುವ ವಾಯು. ಆಸ್ಪತ್ರೆಯಲ್ಲಿ ಅದು ಸ್ಟ್ರೋಕ್. ಮನೆಮಾತಿನಲ್ಲಿ ಲಕ್ವ.

ಈ ಮೂರರಲ್ಲಿ ನಿಮ್ಮ ಅರಬ್ ಸಹಪಾಠಿಗೆ ಗುರುತು ಸಿಗುವುದು ಅಜ್ಜಿಯ ಪದವೇ. ಅರಬಿಯಲ್ಲಿ ಲಕ್ವ ಅಂದರೆ ಮುಖ ಒಂದು ಕಡೆಗೆ ಸೊಟ್ಟಗಾಗುವುದು. ಅರ್ಧ ದೇಹ ಸೋತುಹೋಗುವುದಕ್ಕೆ ಅಲ್ಲಿ ಫಾಲಿಜ್ ಅನ್ನುತ್ತಾರೆ. 1025ರ ಸುಮಾರಿಗೆ ಮುಗಿದ ಇಬ್ನ್ ಸೀನಾ ಅವರ ವೈದ್ಯಗ್ರಂಥ ಈ ಎರಡನ್ನೂ ಬೇರೆಬೇರೆಯಾಗಿ ಚರ್ಚಿಸುತ್ತದೆ. ಫಾರ್ಸಿ, ಉರ್ದುಗಳ ದಾರಿಯಲ್ಲಿ ನಮ್ಮೂರಿಗೆ ಬರುವ ಹೊತ್ತಿಗೆ ಲಕ್ವ ತನ್ನ ಅರ್ಥವನ್ನು ಹಿಗ್ಗಿಸಿಕೊಂಡು, ಕೈಕಾಲು ಎರಡನ್ನೂ ಸೇರಿಸಿಕೊಂಡಿತು.

ಲಕ್ವದ ಬೆನ್ನಿಗೇ ನಮ್ಮ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ: "ಫಿಸಿಯೋದವರು ಕರೆಂಟ್ ಇಡ್ತಿದ್ದಾರೆ." ಕೇಳಿದವರು ಹೆದರುವುದೂ ಉಂಟು, ಅತಿಯಾಗಿ ಆಸೆಪಡುವುದೂ ಉಂಟು. ಈ ಪ್ರಬಂಧ ಆ ಕರೆಂಟಿನ ಚರಿತ್ರೆ. ಸೋತ ಕೈಗೆ ವಿದ್ಯುತ್ ತಾಗಿಸಿದರೆ ಕೈ ಮಿಡುಕುತ್ತದೆ, ಅದು 280 ವರ್ಷಗಳಿಂದ ಗೊತ್ತು. ಆದರೆ ಕೈ ವಾಸಿಯಾಗುವುದು ಕರೆಂಟಿನಿಂದಲೋ, ಅಥವಾ ಅದರ ಜೊತೆಗೆ ಆ ಮನುಷ್ಯ ಪಡುವ ಪ್ರಯತ್ನದಿಂದಲೋ? ಈ ಪ್ರಶ್ನೆಯನ್ನು ಒಬ್ಬರು 1757ರಲ್ಲೇ ಕೇಳಿದ್ದರು. ಅದಕ್ಕೆ ಸಿಕ್ಕ ಉತ್ತರ, ಇವತ್ತು ಯುಎಇಯಲ್ಲಿ ಒಂದು ಕನ್ನಡ ಕುಟುಂಬ ದುಡ್ಡನ್ನೂ ಸಮಯವನ್ನೂ ಎಲ್ಲಿ ಹಾಕಬೇಕು ಅನ್ನುವುದನ್ನು ಬದಲಿಸಬಲ್ಲದು. ಒಂದು ಮಾತು ಮೊದಲೇ: ನಾನು ಡೇಟಾ ಕೆಲಸದವನು, ವೈದ್ಯನಲ್ಲ. ಅಂಕಿಅಂಶ ಓದುವುದು ನನಗೆ ಗೊತ್ತು. ಚಿಕಿತ್ಸೆ ನಿರ್ಧರಿಸಬೇಕಾದವರು ನಿಮ್ಮ ವೈದ್ಯರು.

ಕೊಲ್ಲಿಯ ಮೀನು

ಬ್ಯಾಟರಿ ಹುಟ್ಟುವ ಮೊದಲು ವಿದ್ಯುತ್ ಮೀನಿನಲ್ಲಿತ್ತು. ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನುಗಳ ಬಳಗದಲ್ಲಿ, ಮುಟ್ಟಿದರೆ ಕೈ ಜೋಮು ಹಿಡಿಸುವ ಒಂದು ಜಾತಿಯಿದೆ. ಅದರ ಒಂದು ಪ್ರಭೇದದ ವೈಜ್ಞಾನಿಕ ಹೆಸರಿನಲ್ಲೇ ಯುಎಇಯ ಮುಂದಿರುವ ಕೊಲ್ಲಿ ಅಡಗಿದೆ: ಟಾರ್ಪಿಡೋ ಸೈನಸ್‌ಪರ್ಸಿಸೈ, ಅಂದರೆ ಪರ್ಷಿಯನ್ ಕೊಲ್ಲಿಯ ಟಾರ್ಪಿಡೋ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ಈ ಕಡೆಗೆ ಬಂದಿದ್ದ ಜರ್ಮನ್ ವೈದ್ಯ ಎಂಗೆಲ್‌ಬರ್ಟ್ ಕೆಂಪ್ಫರ್ 1712ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕೊಲ್ಲಿಯ ಮೀನನ್ನು ವರ್ಣಿಸಿದ್ದಾನೆ. ಅರಬಿಯಲ್ಲಿ ಇಂಥ ಮೀನಿಗೆ ರಅ್ಅಾದ್ ಅನ್ನುತ್ತಾರೆ. ಗುಡುಗಿಗೆ ಅರಬಿಯಲ್ಲಿ ರಅದ್; ಮೂಲ ಒಂದೇ.

ಈ ಮೀನನ್ನು ಔಷಧವಾಗಿ ಬಳಸಿದ ಹಳೆಯ ದಾಖಲೆ ರೋಮಿನದು. ಕ್ರಿ.ಶ. ಮೊದಲನೇ ಶತಮಾನದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ಮತ್ತು ಕಾಲಿನ ಗೌಟ್ ನೋವಿಗೆ ಜೀವಂತ ಟಾರ್ಪಿಡೋ ಮೀನನ್ನು ತಾಗಿಸಿ ಆ ಭಾಗ ಮರಗಟ್ಟುವವರೆಗೆ ಇಡಬೇಕು ಎಂದು ಬರೆದ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆ ಮೀನಿನ ಕೆಲಸ ನೋವನ್ನು ಮರೆಸುವುದು, ಸ್ನಾಯುವನ್ನು ಕುಣಿಸುವುದಲ್ಲ. ಇದೇ ವ್ಯತ್ಯಾಸ ಇವತ್ತು ಫಾರ್ಮಸಿಯಲ್ಲಿ ಮಾರುವ ಮಷೀನುಗಳಲ್ಲೂ ಇದೆ; ಕೊನೆಯಲ್ಲಿ ಅಲ್ಲಿಗೆ ಮತ್ತೆ ಬರೋಣ.

ಐದನೇ ದಿನದ ಟೊಪ್ಪಿ

1740ರ ದಶಕದಲ್ಲಿ ಯುರೋಪಿನಲ್ಲಿ ವಿದ್ಯುತ್ ಅಂದರೆ ಹುಚ್ಚು. ಗಾಜಿನ ಗೋಲವನ್ನು ಉಜ್ಜಿ ಕಿಡಿ ಹಾರಿಸುವ ಯಂತ್ರಗಳು ಶ್ರೀಮಂತರ ಮನೆಗಳಲ್ಲಿ ಮನರಂಜನೆಯಾಗಿದ್ದವು. ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಕ್ರಾಟ್ಸೆನ್‌ಸ್ಟೈನ್ ಎಂಬ ಯುವಕ, ಒಬ್ಬ ಹೆಂಗಸಿನ ಸೆಟೆದುಕೊಂಡ ಕಿರುಬೆರಳು ವಿದ್ಯುತ್ತಿನಿಂದ ಸಡಿಲವಾಯಿತು ಎಂದು ಬರೆದ. 1745-46ರಲ್ಲಿ ಲೈಡನ್ ಜಾಡಿ ಬಂತು. ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬಿಟ್ಟು, ಬೇಕಾದಾಗ ಒಮ್ಮೆಲೇ ಬಿಡುವ ಉಪಾಯ ಅದು.

ಜಿನೀವಾದ ಪ್ರಾಧ್ಯಾಪಕ ಝಾನ್ ಝಲಾಬೆರ್, ಸುತ್ತಿಗೆ ಏಟಿನಿಂದ ಬಲಗೈ ಸೋತುಹೋಗಿದ್ದ ಒಬ್ಬ ಬೀಗ ಮಾಡುವ ಕೆಲಸದವನ ಮೇಲೆ 1747ರ ಡಿಸೆಂಬರ್‌ನಲ್ಲಿ ಪ್ರಯೋಗ ಶುರುಮಾಡಿದ. ಕಿಡಿ ತಾಗಿದ ಕಡೆ ಸ್ನಾಯು ತನ್ನಷ್ಟಕ್ಕೆ ಅದುರುವುದನ್ನು ನೋಡಿದ. ಕೆಲವು ವಾರಗಳಲ್ಲಿ ಕೈ ಚಲನೆ ಸುಧಾರಿಸಿತು ಎಂದು 1748ರ ಪುಸ್ತಕದಲ್ಲಿ ವರದಿ ಮಾಡಿದ. ಸುದ್ದಿ ಪ್ಯಾರಿಸ್ ಮುಟ್ಟಿತು. ಅಲ್ಲಿ ಅಬೆ ನೊಲೆ, ಗಾಯಾಳು ಸೈನಿಕರ ಆಶ್ರಯವಾಗಿದ್ದ ಇನ್ವಾಲಿದ್‌ನಲ್ಲಿ ಅದನ್ನೇ ಮಾಡಿ ನೋಡಿದ. ಅಲ್ಲಿ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಒಬ್ಬನಲ್ಲಿ ಕಂಡದ್ದು ಹಲವರಲ್ಲಿ ಕಾಣದೆ ಹೋಗುವ ಈ ಅನುಭವ ನಮ್ಮ ಕಥೆಯುದ್ದಕ್ಕೂ ಬರುತ್ತದೆ.

ಈಗ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಮತ್ತು ಮಿಂಚಿನ ಕಥೆಯಿಂದ ನಿಮಗೆ ಪರಿಚಿತ. ಪತ್ರಿಕೆಗಳಲ್ಲಿ ಯುರೋಪಿನ ಸುದ್ದಿ ಓದಿದ ಪೆನ್ಸಿಲ್ವೇನಿಯಾದ ಜನ, ಲಕ್ವ ಹೊಡೆದವರನ್ನು ಅವನ ಮನೆಗೆ ಕರೆತರತೊಡಗಿದರು. ಅವನು ವೈದ್ಯನಲ್ಲ, ಆದರೂ ಇಲ್ಲ ಅನ್ನಲಿಲ್ಲ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ದೊಡ್ಡ ಗಾಜಿನ ಜಾಡಿಗಳಲ್ಲಿ ವಿದ್ಯುತ್ ತುಂಬಿ, ಸೋತ ಕೈ ಅಥವಾ ಕಾಲಿನ ಮೂಲಕ ಹಾಯಿಸುತ್ತಿದ್ದ. ಸಾಮಾನ್ಯವಾಗಿ ದಿನಕ್ಕೆ ಮೂರು ಸಲ. 1757ರ ಡಿಸೆಂಬರ್ 21ರಂದು ಲಂಡನ್ನಿನಲ್ಲಿದ್ದಾಗ ವೈದ್ಯ ಜಾನ್ ಪ್ರಿಂಗಲ್‌ಗೆ ಬರೆದ ಪತ್ರದಲ್ಲಿ ಅದರ ಫಲಿತಾಂಶವನ್ನು ಹೇಳಿದ್ದಾನೆ.

ಶುರುವಿನಲ್ಲಿ ಸೋತ ಅಂಗ ಬೆಚ್ಚಗಾಗುತ್ತಿತ್ತು, ರಾತ್ರಿ ಚುಚ್ಚಿದಂತೆ ಅನ್ನಿಸುತ್ತಿತ್ತು. ಮೊದಲ ದಿನ ಮೊಣಕಾಲ ಮೇಲಿಟ್ಟ ಕೈಯನ್ನು ಎತ್ತಲೂ ಆಗದಿದ್ದ ಒಬ್ಬ, ಮರುದಿನ ನಾಲ್ಕೈದು ಅಂಗುಲ ಎತ್ತಿದ. ಮೂರನೇ ದಿನ ಇನ್ನೂ ಮೇಲೆ. ಐದನೇ ದಿನ ನಿಶ್ಶಕ್ತವಾಗಿಯಾದರೂ ಅದೇ ಕೈಯಿಂದ ತಲೆಯ ಟೊಪ್ಪಿ ತೆಗೆದ. ಎಲ್ಲರಿಗೂ ಸಂತೋಷ. ಆದರೆ ಐದನೇ ದಿನದ ನಂತರ ಸುಧಾರಣೆ ನಿಂತಿತು. ರೋಗಿಗಳು ಬೇಸರಪಟ್ಟು ಊರಿಗೆ ಹೋದರು, ಸ್ವಲ್ಪ ದಿನದಲ್ಲಿ ಕೈ ಮತ್ತೆ ಹಳೆಯ ಸ್ಥಿತಿಗೆ ಬಂತು. ಶಾಶ್ವತವಾದ ಲಾಭವನ್ನು ತಾನು ಕಾಣಲಿಲ್ಲ ಎಂದು ಫ್ರಾಂಕ್ಲಿನ್ ಮುಚ್ಚುಮರೆಯಿಲ್ಲದೆ ಬರೆದ.

ಅದಕ್ಕಿಂತ ಮುಖ್ಯವಾದದ್ದು ಅವನ ಮುಂದಿನ ಅನುಮಾನ. ಆ ತಾತ್ಕಾಲಿಕ ಲಾಭವಾದರೂ ಎಲ್ಲಿಂದ ಬಂತು? ದಿನವೂ ಪ್ರಯಾಣ ಮಾಡಿ ತನ್ನ ಮನೆಗೆ ಬರುವ ವ್ಯಾಯಾಮದಿಂದ ಇರಬಹುದೇ? ವಾಸಿಯಾಗುತ್ತೇನೆ ಅನ್ನುವ ಭರವಸೆ ಹುಟ್ಟಿ, ಅದರ ಹುರುಪಿನಲ್ಲಿ ಕೈಯನ್ನು ಹೆಚ್ಚು ಬಲ ಹಾಕಿ ಅಲುಗಾಡಿಸಿದ್ದರಿಂದ ಇರಬಹುದೇ? ಮಾತು ಇಷ್ಟೇ. ಆದರೆ ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದೆ ಇದಕ್ಕೆ ಉತ್ತರ ಹೇಳಲಾಗದು ಅನ್ನುವುದನ್ನು ಅವನು ಮುಟ್ಟಿಬಿಟ್ಟಿದ್ದ. ಆ ಇನ್ನೊಂದು ಗುಂಪು ಸಿಗಲು 200 ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಒದ್ದೆ ಸ್ಪಂಜು, ಮೋಸದ ಬೆಲ್ಟು

ನಡುವಿನ ಕಾಲವನ್ನು ಬೇಗ ದಾಟೋಣ. ಇಟಲಿಯ ಗಾಲ್ವಾನಿ ಕಪ್ಪೆಯ ಕಾಲು ಮಿಡುಕುವುದನ್ನು 1791ರಲ್ಲಿ ಪ್ರಕಟಿಸಿದ. ವೋಲ್ಟಾ 1800ರಲ್ಲಿ ಬ್ಯಾಟರಿ ಕೊಟ್ಟ. ಫ್ಯಾರಡೆ 1831ರಲ್ಲಿ ತಂತಿ ಸುರುಳಿ ಮತ್ತು ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿದ. ಇದರಿಂದ ಒಂದೇ ದೊಡ್ಡ ಹೊಡೆತದ ಬದಲು, ಚಿಕ್ಕಚಿಕ್ಕ ಮಿಡಿತಗಳನ್ನು ಸಾಲಾಗಿ ಕೊಡುವುದು ಸಾಧ್ಯವಾಯಿತು.

ಅದನ್ನು ವೈದ್ಯಕ್ಕೆ ಸರಿಯಾಗಿ ತಂದವನು ಫ್ರಾನ್ಸಿನ ದುಶೆನ್. ಒದ್ದೆ ಮಾಡಿದ ಎರಡು ಎಲೆಕ್ಟ್ರೋಡುಗಳನ್ನು ಚರ್ಮದ ಮೇಲಿಟ್ಟರೆ, ಚರ್ಮ ಕತ್ತರಿಸದೆ ಬೇಕಾದ ಒಂದೇ ಸ್ನಾಯುವನ್ನು ಕುಣಿಸಬಹುದು ಎಂದು ಅವನು ತೋರಿಸಿದ. 1855ರ ಅವನ ಪುಸ್ತಕದ ವಿಷಯವೇ ಅದು. ಅವನು ಇನ್ನೊಂದು ವಿಷಯವನ್ನೂ ಗಮನಿಸಿದ. ಮಿದುಳಿನ ತೊಂದರೆಯಿಂದ ಕೈ ಸೋತಿದ್ದರೆ ಸ್ನಾಯು ಕರೆಂಟಿಗೆ ಓಗೊಡುತ್ತದೆ. ನರವೇ ತುಂಡಾಗಿದ್ದರೆ ಆ ಗುಣ ಕಳೆದುಹೋಗುತ್ತದೆ.

ಇದು ಯಾಕೆ ಹೀಗೆ? ಮಿದುಳಿನಿಂದ ಕೈಗೆ ಅಪ್ಪಣೆ ಬರುವ ದಾರಿಯಲ್ಲಿ ಎರಡು ಹಂತ ಇವೆ. ಮಿದುಳಿನಿಂದ ಬೆನ್ನುಹುರಿಯವರೆಗೆ ಒಂದು ತಂತಿ, ಬೆನ್ನುಹುರಿಯಿಂದ ಸ್ನಾಯುವಿನವರೆಗೆ ಇನ್ನೊಂದು. ಸ್ಟ್ರೋಕ್‌ನಲ್ಲಿ ಪೆಟ್ಟು ಬೀಳುವುದು ಮೇಲಿನ ಹಂತಕ್ಕೆ. ಕೆಳಗಿನ ನರ ಮತ್ತು ಸ್ನಾಯು ಸುಸ್ಥಿತಿಯಲ್ಲೇ ಇರುತ್ತವೆ, ಅಪ್ಪಣೆ ಮಾತ್ರ ಬರುವುದಿಲ್ಲ. ಆದ್ದರಿಂದ ಹೊರಗಿನಿಂದ ಮಿಡಿತ ಕೊಟ್ಟರೆ ನರ ಅದನ್ನೇ ಅಪ್ಪಣೆ ಅಂದುಕೊಂಡು ಸ್ನಾಯುವನ್ನು ಎಳೆಯುತ್ತದೆ. ಕರೆಂಟ್ ಚಿಕಿತ್ಸೆಯ ಸಾಧ್ಯತೆಯೂ ಮಿತಿಯೂ ಇಲ್ಲೇ ಇದೆ. ಅದು ಕೆಳಗಿನ ತಂತಿಯನ್ನು ಸುಲಭವಾಗಿ ಎಚ್ಚರಿಸುತ್ತದೆ. ರಿಪೇರಿಯಾಗಬೇಕಾದದ್ದು ಮೇಲಿನದು.

19ನೇ ಶತಮಾನದ ಮಾರುಕಟ್ಟೆಗೆ ಈ ಸೂಕ್ಷ್ಮ ಬೇಕಿರಲಿಲ್ಲ. ಪುಲ್ವರ್ಮಾಕರ್ ಸರಪಳಿಯಂಥ ವಿದ್ಯುತ್ ಬೆಲ್ಟುಗಳನ್ನು, ಸೊಂಟನೋವಿನಿಂದ ಹಿಡಿದು ನಿಶ್ಶಕ್ತಿಯವರೆಗೆ ಎಲ್ಲಕ್ಕೂ ಮದ್ದೆಂದು ಮಾರಿದರು. ಬೆಲ್ಟಿನವರ ಕೆಟ್ಟ ಹೆಸರು ಕರೆಂಟಿಗೂ ಅಂಟಿಕೊಂಡಿತು.

ಬೂಟಿನೊಳಗಿನ ಸ್ವಿಚ್ಚು

ಗಂಭೀರವಾದ ಮರುಪ್ರವೇಶ 1961ರಲ್ಲಿ, ಅದೂ ಕೈಗಲ್ಲ, ಕಾಲಿಗೆ. ಅಮೆರಿಕದ ವೈದ್ಯ ಲಿಬರ್ಸನ್, ಸ್ಟ್ರೋಕ್ ಆದ ಮೇಲೆ ನಡೆಯುವಾಗ ಪಾದದ ಮುಂಭಾಗ ಜೋತುಬಿದ್ದು ನೆಲಕ್ಕೆ ತಾಗುವವರಿಗಾಗಿ ಒಂದು ಉಪಕರಣವನ್ನು ವಿವರಿಸಿದ. ಬೂಟಿನ ಹಿಮ್ಮಡಿಯಲ್ಲಿ ಒಂದು ಸ್ವಿಚ್ಚು. ಹಿಮ್ಮಡಿ ನೆಲ ಬಿಟ್ಟ ಕೂಡಲೇ ಮೊಣಕಾಲಿನ ಬಳಿಯ ನರಕ್ಕೆ ಮಿಡಿತ ಹೋಗುತ್ತದೆ, ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದ ಕೂಡಲೇ ಕರೆಂಟ್ ನಿಲ್ಲುತ್ತದೆ. ಹೊಸದು ಕರೆಂಟಲ್ಲ, ಹೊಂದಾಣಿಕೆ. ನಡೆಯುವವನಿಗೆ ಯಾವಾಗ ಬೇಕೋ ಆವಾಗ. ಉಪಕರಣ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಲವರ ಪಾದ ತಾನಾಗಿಯೇ ಏಳುವುದನ್ನು ಲಿಬರ್ಸನ್ ಕಂಡ. ಮರುವರ್ಷ ಮೋ ಮತ್ತು ಪೋಸ್ಟ್ ಎಂಬ ಇಬ್ಬರು ಇದಕ್ಕೆ ಈಗ ಚಾಲ್ತಿಯಲ್ಲಿರುವ ಹೆಸರು ಕೊಟ್ಟರು: ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಎಫ್‌ಇಎಸ್.

ಕೈ ಇಷ್ಟು ಸುಲಭವಾಗಿ ಮಣಿಯಲಿಲ್ಲ. ನಡಿಗೆಯಲ್ಲಿ ಪಾದ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಕೈಯ ಕೆಲಸ ಹಾಗಲ್ಲ: ಲೋಟ ಹಿಡಿಯಬೇಕು, ಗುಂಡಿ ಹಾಕಬೇಕು, ಅನ್ನ ಕಲಸಬೇಕು. ಇನ್ನೊಂದು ತೊಡಕು, ಸ್ಟ್ರೋಕ್ ಆದ ಕೈಯಲ್ಲಿ ಹಿಡಿಯುವ ಶಕ್ತಿ ಮೊದಲು ಮರಳುತ್ತದೆ, ಬಿಡಿಸುವ ಶಕ್ತಿ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಮುಷ್ಟಿ ಬಿಗಿದುಕೊಂಡು ಕೂರುತ್ತದೆ. ಆದ್ದರಿಂದಲೇ ಫಿಸಿಯೋ ಪ್ಯಾಡ್ ಅಂಟಿಸುವುದು ಹೆಚ್ಚಾಗಿ ಮುಂಗೈಯ ಮೇಲ್ಭಾಗಕ್ಕೆ, ಬೆರಳು ಬಿಡಿಸುವ ಸ್ನಾಯುಗಳ ಮೇಲೆ. ಭುಜದ ಕೀಲು ಜಾರಿದ್ದರೆ ಭುಜಕ್ಕೂ ಇಡುತ್ತಾರೆ.

ಪ್ಯಾಡ್‌ಗಳ ನಡುವೆ ಹರಿಯುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು. ಸೆಕೆಂಡಿಗೆ 20ರಿಂದ 50 ಮಿಡಿತ, ಒಂದೊಂದೂ ಮಿಲಿಸೆಕೆಂಡಿಗಿಂತ ಚಿಕ್ಕದು. ಮನೋರೋಗ ಚಿಕಿತ್ಸೆಯಲ್ಲಿ ತಲೆಗೆ ಕೊಡುವ ಶಾಕ್‌ಗೂ ಇದಕ್ಕೂ ಸಂಬಂಧವಿಲ್ಲ. ಚರ್ಮ ಚುಮುಚುಮು ಅನ್ನುತ್ತದೆ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಹೀಗೆ ಬಿಚ್ಚಿದ ಸ್ನಾಯು ಬೇಗ ದಣಿಯುತ್ತದೆ. ಮಿದುಳು ಕೆಲಸ ಮಾಡಿಸುವಾಗ ದಣಿಯದ ಚಿಕ್ಕ ತಂತುಗಳನ್ನು ಮೊದಲು ಕರೆಯುತ್ತದೆ. ಹೊರಗಿನ ಕರೆಂಟಿಗೆ ಆ ವಿವೇಚನೆ ಇಲ್ಲ.

ಅದೇ ಕರೆಂಟು, ಎರಡು ಗುಂಪು

ಫ್ರಾಂಕ್ಲಿನ್‌ನ ಪ್ರಶ್ನೆಗೆ ಉತ್ತರ ಬೇಕಾದರೆ ಏನು ಮಾಡಬೇಕು? ಎರಡೂ ಗುಂಪಿಗೆ ಕರೆಂಟ್ ಕೊಡಬೇಕು. ಒಂದರಲ್ಲಿ ರೋಗಿಯ ಪ್ರಯತ್ನದ ಜೊತೆಗೆ, ಇನ್ನೊಂದರಲ್ಲಿ ಅದಿಲ್ಲದೆ. ಇಂಥ ಎರಡು ಅಧ್ಯಯನಗಳನ್ನು ನೋಡೋಣ.

ಮೊದಲನೆಯದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜೇಸನ್ ನಟ್ಸನ್ ಮತ್ತು ಸಂಗಡಿಗರು ಮಾಡಿ 2016ರಲ್ಲಿ ಪ್ರಕಟಿಸಿದ್ದು. ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ 80 ಜನ. ಅರ್ಧ ಜನಕ್ಕೆ ಮಷೀನು ತನ್ನ ಟೈಮರ್ ಪ್ರಕಾರ ಕರೆಂಟ್ ಕೊಟ್ಟು ಬೆರಳು ಬಿಡಿಸಿತು. ಉಳಿದವರು ಸರಿಯಿರುವ ಕೈಗೆ ಸೆನ್ಸರ್ ಇರುವ ಗ್ಲೌಸ್ ಹಾಕಿಕೊಂಡರು. ಆ ಕೈಯನ್ನು ಅವರು ಎಷ್ಟು ಬಿಡಿಸಿದರೋ ಸೋತ ಕೈಗೂ ಅಷ್ಟೇ ಕರೆಂಟ್ ಹೋಗಿ ಅದೂ ಬಿಚ್ಚಿತು. ಅಂದರೆ ಯಾವಾಗ, ಎಷ್ಟು ಅನ್ನುವುದು ಅವರ ಇಚ್ಛೆ. ಎರಡೂ ಗುಂಪು 12 ವಾರ, ವಾರಕ್ಕೆ 10 ಸಲ ಮನೆಯಲ್ಲಿ ಅಭ್ಯಾಸ ಮಾಡಿತು. ಅದರ ಮೇಲೆ ಥೆರಪಿಸ್ಟ್ ಜೊತೆ 20 ಸಲ. ಅಳತೆ ಸರಳ: ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡುಗಳನ್ನು ಪೆಟ್ಟಿಗೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತೀರಿ? ಚಿಕಿತ್ಸೆ ಮುಗಿದ ಆರು ತಿಂಗಳ ಮೇಲೆ, ಇಚ್ಛೆಯ ಗುಂಪು ಸರಾಸರಿ 4.6 ತುಂಡು ಹೆಚ್ಚು ಸಾಗಿಸಿತು. ಟೈಮರ್ ಗುಂಪು 1.8.

ಎರಡನೆಯದು ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಂಡ 2018ರಲ್ಲಿ ಪ್ರಕಟಿಸಿದ್ದು. 27 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ ತಿಂಗಳುಗಳೇ ಕಳೆದಿದ್ದವು. ತಲೆಗೆ ಇಇಜಿ ಟೊಪ್ಪಿ. ಒಂದು ಗುಂಪಿನಲ್ಲಿ, ಕೈ ಬಿಡಿಸಲು ಪ್ರಯತ್ನಿಸುವ ಸಂಕೇತ ಮಿದುಳಿನಲ್ಲಿ ಕಂಡ ಕ್ಷಣವೇ ಮುಂಗೈಗೆ ಕರೆಂಟ್ ಹೋಗುತ್ತಿತ್ತು. ಇನ್ನೊಂದು ಗುಂಪಿಗೂ ಅಂಥದ್ದೇ ಕರೆಂಟು, ಅವರೂ ಪ್ರಯತ್ನಿಸುತ್ತಿದ್ದರು, ಆದರೆ ಕರೆಂಟು ಬರುವ ಕ್ಷಣಕ್ಕೂ ಮಿದುಳಿನ ಸಂಕೇತಕ್ಕೂ ತಾಳಮೇಳವಿರಲಿಲ್ಲ. ಕೈಯ ಚಲನೆಗೆ 66ರವರೆಗೆ ಅಂಕ ಕೊಡುವ ಫ್ಯೂಗಲ್-ಮೇಯರ್ ಪರೀಕ್ಷೆಯಲ್ಲಿ ಮೊದಲ ಗುಂಪು ಸರಾಸರಿ 6.6 ಅಂಕ ಗಳಿಸಿತು, ಎರಡನೆಯದು 2.1. ತಿಂಗಳುಗಳ ನಂತರವೂ ಆ ಗಳಿಕೆ ಉಳಿದಿತ್ತು.

ಈ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. 80 ಮತ್ತು 27 ಚಿಕ್ಕ ಸಂಖ್ಯೆಗಳು. ಸರಾಸರಿ 4.6 ತುಂಡು ಅಂದರೆ ಕೆಲವರಿಗೆ ತುಂಬಾ, ಕೆಲವರಿಗೆ ಏನೂ ಇಲ್ಲ. ನಟ್ಸನ್ ಅಧ್ಯಯನದಲ್ಲಿ ಹೆಚ್ಚು ಲಾಭವಾದದ್ದು ಸ್ಟ್ರೋಕ್ ಆಗಿ ಎರಡು ವರ್ಷ ದಾಟದವರಿಗೆ, ಕೈಯಲ್ಲಿ ಸ್ವಲ್ಪ ಶಕ್ತಿ ಉಳಿದಿದ್ದವರಿಗೆ. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ, ಕೈಗೆ ಕರೆಂಟ್ ಚಿಕಿತ್ಸೆಯನ್ನು ಎಲ್ಲರಿಗೂ ವಾಡಿಕೆಯಂತೆ ಕೊಡಬೇಡಿ, ಸ್ನಾಯುವಿನಲ್ಲಿ ಅಲುಗಾಟ ಇದ್ದೂ ತೋಳನ್ನು ಪ್ರತಿರೋಧಕ್ಕೆ ಎದುರಾಗಿ ಎತ್ತಲಾಗದವರಿಗೆ ಪ್ರಯತ್ನಿಸಿ ನೋಡಬಹುದು ಎಂದಿತು. ಅಮೆರಿಕದ 2016ರ ಮಾರ್ಗಸೂಚಿ, ಮೊದಲ ಕೆಲವು ತಿಂಗಳಲ್ಲಿ ಅಲ್ಪಸ್ವಲ್ಪ ಚಲನೆ ಇರುವವರಿಗೂ ಭುಜದ ಕೀಲು ಜಾರಿದವರಿಗೂ ಇದನ್ನು ಪರಿಗಣಿಸಬಹುದು ಎಂದಿತು.

ಆದರೂ ಎರಡೂ ಅಧ್ಯಯನಗಳ ದಿಕ್ಕು ಒಂದೇ. ಕರೆಂಟ್ ಒಂದೇ ಆದರೂ, ರೋಗಿ ಬಯಸಿದ ಕ್ಷಣದಲ್ಲಿ ಅದು ಬಂದಾಗ ಕೈ ಹೆಚ್ಚು ಕಲಿಯುತ್ತದೆ. ಹುರುಪಿನಿಂದ ಕೈ ಅಲುಗಾಡಿಸಿದ್ದೇ ಕಾರಣವಿರಬಹುದು ಅನ್ನುವ ಫ್ರಾಂಕ್ಲಿನ್‌ನ ಅನುಮಾನದಲ್ಲಿ ಅರ್ಧ ಸತ್ಯ ಇತ್ತು. ಇನ್ನರ್ಧ: ಆ ಪ್ರಯತ್ನಕ್ಕೆ ಕರೆಂಟು ಜೊತೆಗೂಡಬಲ್ಲದು.

90 ದಿನ, 6 ಸಲ

ಈಗ ನಿಮ್ಮ ಊರಿಗೆ ಬರೋಣ, ಅಂದರೆ ದುಬೈ ಮತ್ತು ಅಬುಧಾಬಿಗೆ.

ಯುಎಇಯ ಜನರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನಿಂದ ಬಂದವರು, ಅವರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು. ಹಾಗಾಗಿ ಇಲ್ಲಿ ಸ್ಟ್ರೋಕ್ ಆದವರ ಸರಾಸರಿ ವಯಸ್ಸು ಯುರೋಪಿಗಿಂತ ಕಡಿಮೆ. ಇದರಲ್ಲಿ ಒಂದು ಪಾಲು ಬರೀ ಜನಸಂಖ್ಯೆಯ ಆಕಾರದ್ದು: ಮುದುಕರೇ ಕಡಿಮೆ ಇರುವ ಕಡೆ ರೋಗಿಗಳೂ ಚಿಕ್ಕವರಾಗಿ ಕಾಣುತ್ತಾರೆ. ಉಳಿದದ್ದು ಬಿಪಿ, ಸಕ್ಕರೆ, ಸಿಗರೇಟಿನದು. ಕಾರಣ ಏನೇ ಇರಲಿ, ಇಲ್ಲಿ ಕೈ ಕಳೆದುಕೊಳ್ಳುವವರು ಹೆಚ್ಚಾಗಿ ಆ ಕೈಯಿಂದಲೇ ಊರಿಗೆ ದುಡ್ಡು ಕಳಿಸುತ್ತಿದ್ದವರು.

ಮೊದಲ ಕೆಲವು ಗಂಟೆಗಳ ಚಿಕಿತ್ಸೆಗೆ ಇಲ್ಲಿ ಒಳ್ಳೆಯ ವ್ಯವಸ್ಥೆಯಿದೆ. ದುಬೈನ ರಶೀದ್ ಆಸ್ಪತ್ರೆ, 2015ರಲ್ಲಿ ತೆರೆದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಅಬುಧಾಬಿಯಂಥ ಕಡೆ ಸ್ಟ್ರೋಕ್‌ಗೆಂದೇ ತಂಡಗಳಿವೆ. ರಕ್ತದ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಮುಖ ಸೊಟ್ಟಗಾಯಿತು, ಕೈ ಬಿತ್ತು, ಮಾತು ತೊದಲಿತು ಅಂದರೆ 998ಕ್ಕೆ ಫೋನ್ ಮಾಡಿ, ಗಂಟೆ ನೋಡಿಕೊಳ್ಳಿ.

ತೊಡಕು ಶುರುವಾಗುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1197 ರೋಗಿಗಳನ್ನು ಹಿಂಬಾಲಿಸಿದ ಕೋಪನ್‌ಹೇಗನ್ ಸ್ಟ್ರೋಕ್ ಅಧ್ಯಯನ 1995ರಲ್ಲಿ ಹೇಳಿದ್ದು: ದಿನನಿತ್ಯದ ಕೆಲಸಗಳ ಮಟ್ಟಿಗೆ, 95% ಜನ ತಮ್ಮಿಂದ ಸಾಧ್ಯವಿದ್ದ ಅತ್ಯುತ್ತಮ ಸ್ಥಿತಿಯನ್ನು ಸುಮಾರು 13 ವಾರದೊಳಗೆ ಮುಟ್ಟಿದರು. ಯುಎಇಯ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಸಂಖ್ಯೆಯ ಫೆಡರಲ್ ಆದೇಶ, ಪ್ರೊಬೇಷನ್ ಮುಗಿಸಿದ ನೌಕರನಿಗೆ ವರ್ಷಕ್ಕೆ ಕೊಡುವ ಅನಾರೋಗ್ಯ ರಜೆ 90 ದಿನ: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ ಸಂಬಳ, 45 ದಿನ ಸಂಬಳವಿಲ್ಲ. 90 ದಿನ ಅಂದರೆ ಹತ್ತಿರಹತ್ತಿರ 13 ವಾರ. ಅದು ಮುಗಿದ ಮೇಲೂ ಕೆಲಸಕ್ಕೆ ಬರಲಾಗದಿದ್ದರೆ ಮಾಲೀಕ ಕೆಲಸದಿಂದ ತೆಗೆಯಬಹುದು. ಮೈ ಚೇತರಿಸಿಕೊಳ್ಳುವ ಗಡಿಯಾರ ಮತ್ತು ರಜೆಯ ಗಡಿಯಾರ ಎರಡೂ ಒಟ್ಟೊಟ್ಟಿಗೆ ಓಡುತ್ತವೆ. ರಜೆಯ ಗಡಿಯಾರಕ್ಕೆ ವೀಸಾ ಕಟ್ಟಿಕೊಂಡಿದೆ.

ವಿಮೆ ಇದೆಯಲ್ಲ ಅನ್ನಬಹುದು. ಆರೋಗ್ಯ ವಿಮೆಯನ್ನು ಕಡ್ಡಾಯ ಮಾಡುವ ಕಾನೂನು ಅಬುಧಾಬಿಯಲ್ಲಿ 2005ರಲ್ಲಿ, ದುಬೈಯಲ್ಲಿ 2013ರಲ್ಲಿ ಬಂತು. ಕಡಿಮೆ ಸಂಬಳದವರಿಗಾಗಿ ದುಬೈ ರೂಪಿಸಿದ ಮೂಲ ಯೋಜನೆಯಲ್ಲಿ ಫಿಸಿಯೋಥೆರಪಿಗೆ ಇಟ್ಟ ಮಿತಿ ವರ್ಷಕ್ಕೆ 6 ಸಲ, ಅದೂ ಮುಂಚಿತ ಒಪ್ಪಿಗೆಯ ಮೇಲೆ. ಇನ್ನೂ ದೊಡ್ಡ ಪಾಲಿಸಿಗಳಲ್ಲಿ ಹೆಚ್ಚು ಸಿಗುತ್ತದೆ. ನಿಮ್ಮ ಮನೆಯವರ ಪಾಲಿಸಿಯಲ್ಲಿ ಎಷ್ಟು ಅನ್ನುವುದನ್ನು ಆರೋಗ್ಯವಾಗಿದ್ದಾಗಲೇ ಓದಿಟ್ಟುಕೊಳ್ಳಿ. ನಟ್ಸನ್ ಅಧ್ಯಯನದವರು ಮನೆಯಲ್ಲಿ 120 ಸಲ, ಥೆರಪಿಸ್ಟ್ ಜೊತೆ 20 ಸಲ ಅಭ್ಯಾಸ ಮಾಡಿದ್ದರು. 140 ಎಲ್ಲಿ, 6 ಎಲ್ಲಿ?

ಇಲ್ಲಿಂದ ಮುಂದೆ ಕುಟುಂಬಗಳು ಎರಡು ದಾರಿ ಹಿಡಿಯುತ್ತವೆ. ಒಂದು, ಟಿಕೆಟ್ ತೆಗೆದು ಊರಿಗೆ ಕಳಿಸುವುದು. ಮಣಿಪಾಲ, ಮಂಗಳೂರು, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಪುನಶ್ಚೇತನ ವಿಭಾಗಗಳಿವೆ. ಖರ್ಚು ಕಡಿಮೆ, ನೋಡಿಕೊಳ್ಳಲು ಜನ ಹೆಚ್ಚು. ಆದರೆ ದುಡಿಯುವವರು ಇಲ್ಲೇ ಉಳಿದರೆ ಮನೆ ಎರಡಾಗುತ್ತದೆ. ಇನ್ನೊಂದು, ಮಷೀನು ಕೊಂಡು ಮನೆಯಲ್ಲೇ ಮಾಡುವುದು. ಎರಡರಲ್ಲಿ ಯಾವುದಾದರೂ ಸರಿ, ಒಂದು ಭ್ರಮೆ ಬೇಡ: 13 ವಾರ ಅಂದರೆ ಬಾಗಿಲು ಮುಚ್ಚಿತು ಅಂತಲ್ಲ. ಮೇಲೆ ಹೇಳಿದ ಎರಡೂ ಅಧ್ಯಯನಗಳಲ್ಲಿ ಇದ್ದವರು ಆ ಗಡುವನ್ನು ಎಂದೋ ದಾಟಿದವರು. ಆರಂಭದಲ್ಲಿ ಏರು ಕಡಿದು, ಆಮೇಲೆ ನಿಧಾನ. ಅಷ್ಟೇ.

ಮಷೀನು ಕೊಳ್ಳುವ ಮೊದಲು

ಮೀನಿನ ವ್ಯತ್ಯಾಸಕ್ಕೆ ಈಗ ಮತ್ತೆ ಬರೋಣ. ಫಾರ್ಮಸಿಯಲ್ಲಿ ಮತ್ತು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಡಬ್ಬಿಗಳಲ್ಲಿ ಹೆಚ್ಚಿನವು ಟೆನ್ಸ್. ಅವು ನೋವು ತಗ್ಗಿಸಲು ಮಾಡಿದವು, ಸ್ಕ್ರಿಬೋನಿಯಸ್‌ನ ಮೀನಿನ ವಂಶದವು. ಚರ್ಮ ಚುಮುಚುಮು ಅನ್ನುತ್ತದೆ, ಬೆರಳು ಬಿಚ್ಚಿಕೊಳ್ಳುವುದಿಲ್ಲ. ದುಬೈಯಲ್ಲಿ ಜಾಹೀರಾತು ಕಾಣುವ 20 ನಿಮಿಷದ ಇಎಂಎಸ್ ಜಿಮ್‌ಗಳು ಆರೋಗ್ಯವಂತರ ವ್ಯಾಯಾಮಕ್ಕೆ. ಸ್ಟ್ರೋಕ್ ಆದ ಕೈಗೆ ಬೇಕಾದದ್ದು ಸ್ನಾಯು ಕುಣಿಸುವ ಎನ್‌ಎಂಇಎಸ್ ಅಥವಾ ಎಫ್‌ಇಎಸ್. ಪ್ಯಾಡ್ ಎಲ್ಲಿಡಬೇಕು ಅನ್ನುವುದನ್ನು ಫಿಸಿಯೋ ಒಮ್ಮೆ ಪೆನ್ನಿನಿಂದ ಗುರುತು ಮಾಡಿಕೊಟ್ಟರೆ ಮನೆಯಲ್ಲಿ ಮುಂದುವರಿಸಬಹುದು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಹತೋಟಿಗೆ ಬಾರದ ಫಿಟ್ಸ್ ಇದ್ದರೆ, ಗರ್ಭಿಣಿಯಾಗಿದ್ದರೆ, ಅಲ್ಲಿ ಗಾಯ ಅಥವಾ ರಕ್ತ ಹೆಪ್ಪುಗಟ್ಟಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ. ಸ್ಪರ್ಶಜ್ಞಾನವೇ ಇಲ್ಲದ ಕೈಗೆ ಚರ್ಮ ಸುಟ್ಟರೂ ತಿಳಿಯದು, ಅಲ್ಲಿ ಎರಡು ಪಟ್ಟು ಎಚ್ಚರ.

ಫಿಸಿಯೋ ಹತ್ತಿರ ಕೇಳಬೇಕಾದ ಪ್ರಶ್ನೆ ಫ್ರಾಂಕ್ಲಿನ್ ಬಿಟ್ಟುಹೋದದ್ದೇ: ಕರೆಂಟ್ ಬರುವಾಗ ರೋಗಿ ಏನು ಮಾಡುತ್ತಿರಬೇಕು? ಪ್ಯಾಡ್ ಅಂಟಿಸಿ ಟಿವಿ ನೋಡುತ್ತಾ ಕೂತರೆ ಅದು ಟೈಮರ್ ಗುಂಪು. ಮಿಡಿತ ಬರುವ ಹೊತ್ತಿಗೆ ಸರಿಯಾಗಿ ತಾನೂ ಬೆರಳು ಬಿಡಿಸಲು ಹೆಣಗಿದರೆ, ಲೋಟದತ್ತ ಕೈ ಚಾಚಿದರೆ, ಅದು ಇನ್ನೊಂದು ಗುಂಪು. ಅದಕ್ಕೆ ದುಬಾರಿ ಟೊಪ್ಪಿಯೋ ಗ್ಲೌಸೋ ಇಲ್ಲದಿದ್ದರೂ, ಪಕ್ಕದಲ್ಲಿ ಕೂತು ಹೊತ್ತು ಸರಿಯಾಗಿ "ಈಗ!" ಅನ್ನುವ ಒಬ್ಬರಾದರೂ ಬೇಕು.

ಆ ಒಬ್ಬರು ನೀವಾಗಬಹುದು. ಕನ್ನಡ ಕಲಿಯುತ್ತಿರುವ ನಿಮಗೆ ಬೇಕಾದ ಕ್ರಿಯಾಪದಗಳು ಐದೇ: ಮಡಚಿ, ಬಿಡಿಸಿ, ಹಿಡೀರಿ, ಬಿಡಿ, ಎತ್ತಿ. ಸ್ಟ್ರೋಕ್ ಎಷ್ಟೋ ಸಲ ಮಾತಿಗೂ ಪೆಟ್ಟು ಕೊಡುತ್ತದೆ. ಆಗ "ಓಪನ್" ಅಂದರೆ ತಡಕಾಡುವ ಅಜ್ಜ, "ಅಜ್ಜಾ, ಬೆರಳು ಬಿಡಿಸಿ" ಅಂದರೆ ಹಿಡಿದುಕೊಳ್ಳಬಹುದು. ಯುಎಇಯ ಆಸ್ಪತ್ರೆಗಳಲ್ಲಿ ಮಂಗಳೂರು, ಮಣಿಪಾಲ ಕಡೆ ಓದಿದ ಫಿಸಿಯೋಗಳು ಅಪರೂಪವಲ್ಲ. ಕನ್ನಡವೋ ತುಳುವೋ ಬರುವವರು ಇದ್ದಾರಾ ಅಂತ ಕೇಳಲು ಸಂಕೋಚ ಬೇಡ.

"ಕೈ ಬಿಡಿ" ಅನ್ನುವಾಗ ಮಾತ್ರ ಸ್ವಲ್ಪ ಹುಷಾರು. ಕನ್ನಡದಲ್ಲಿ ಕೈ ಬಿಡುವುದು ಅಂದರೆ ಒಬ್ಬರನ್ನು ತೊರೆಯುವುದು ಅಂತಲೂ ಆಗುತ್ತದೆ. "ಲೋಟ ಬಿಡಿ ಅಜ್ಜಾ" ಅನ್ನಿ. ಅವರು ಬಿಟ್ಟರೆ ಮತ್ತೆ ಹಿಡಿಸಿ. ದಿನಕ್ಕೆ ಎರಡು ಸಲ, ವಾರಕ್ಕೆ ಐದು ದಿನ, 12 ವಾರ.